ಧಾರವಾಡವನ್ನು ಮೇಲಿನಿಂದ ಕೆಳಗೆ ನಡೆಯಿರಿ: ಬಸ್ಸು, ಪೇಢೆ, ಖಾನಾವಳಿಗಳ ವಿಮರ್ಶೆ

ಧಾರವಾಡ ನೋಡಲು ಗೆಳೆಯರ ಗುಂಪು ಕಟ್ಟಿಕೊಂಡು ಬರುವವರು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತಾರೆ. ಜುಬಿಲಿ ಸರ್ಕಲ್ಲಿನಲ್ಲಿ ಇಳಿಯುವುದು, ಪೇಟೆ ಸುತ್ತುವುದು, ಹೊಟ್ಟೆ ಬಿರಿಯೆ ಉಣ್ಣುವುದು, ಆಮೇಲೆ ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯ ಎಂದು ಏರು ಹತ್ತುವುದು. ಕಾಲೇಜು ದಾಟುವಷ್ಟರಲ್ಲಿ ಗುಂಪು ಎರಡಾಗಿರುತ್ತದೆ. ಮುಂದಿನವರು ಗಿಡದ ನೆರಳಿನಲ್ಲಿ ನಿಂತು ಕಾಯುತ್ತಾರೆ, ಹಿಂದಿನವರು ಆಟೋಕ್ಕೆ ಕೈ ಮಾಡುತ್ತಾರೆ. ಇದೇ ನಡಿಗೆಯನ್ನು ತಿರುವಿ ಹಾಕಿ ನೋಡಿ. ಬೆಳಿಗ್ಗೆ ವಾಹನದಲ್ಲಿ ಗುಡ್ಡ ಏರಿ, ದಿನವಿಡೀ ಇಳಿಯುತ್ತ ಬಂದರೆ ಅದೇ ಊರು, ಅದೇ ಕಾಲು, ಆದರೆ ಸಂಜೆಗೂ ಮಾತಾಡುವಷ್ಟು ಉಸಿರು ಉಳಿದಿರುತ್ತದೆ. ಈ ವಿಮರ್ಶೆ ಆ ಇಳಿಯುವ ದಾರಿಯದು. ಅದರ ಮೇಲೆ ಸಿಗುವ ಬಸ್ಸು, ಪುಸ್ತಕದ ಅಟ್ಟ, ಖಾನಾವಳಿ, ಎಲ್ಲಕ್ಕಿಂತ ಹೆಚ್ಚಾಗಿ ಲೈನ್ ಬಜಾರಿನ ಪೇಢೆ, ಇವು ಹೇಗಿವೆ, ಎಲ್ಲಿ ಕೆಡುತ್ತವೆ, ಯಾಕೆ ಕೆಡುತ್ತವೆ ಎಂಬುದರ ಲೆಕ್ಕ.

ಮೊದಲು ನೆಲದ ಗುಣ ತಿಳಿದಿರಲಿ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿ, ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನ ದಿನ್ನೆಗಳ ಮೇಲೆ ಕೂತಿದೆ. ಊರು ಇರುವುದೇ ನೀರು ಇಬ್ಭಾಗವಾಗುವ ಏಣಿನ ಮೇಲೆ. ಒಂದು ಮಗ್ಗುಲಿಗೆ ಬಿದ್ದ ಮಳೆ ಶಾಲ್ಮಲೆ ಸೇರಿ, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ಶಾಲ್ಮಲೆಯ ಮೂಲ ಊರಿನ ದಕ್ಷಿಣಕ್ಕಿರುವ ಸೋಮೇಶ್ವರ ಗುಡಿಯ ಹತ್ತಿರವೇ ಇದೆ. ಹೀಗಾಗಿ ಇಲ್ಲಿ ಸಪಾಟಾದ ರಸ್ತೆ ಕಡಿಮೆ. ಒಂದು ಓಣಿ ಏರಿದರೆ ಮುಂದಿನದು ಇಳಿಯುತ್ತದೆ. ಪಡುವಣ ದಿಕ್ಕಿನಲ್ಲಿ ಕೆಂಪು ಮಣ್ಣು, ಮೂಡಣಕ್ಕೆ ಹೋದಂತೆ ಎರಿ, ಅಂದರೆ ಕಪ್ಪು ಮಣ್ಣು. ನಡೆಯುವವರಿಗೆ ಇದರ ಅರ್ಥ ಸರಳ. ಮಳೆಗಾಲದಲ್ಲಿ ಒಂದು ಕಡೆ ಕಾಲು ಜಾರುತ್ತದೆ, ಇನ್ನೊಂದು ಕಡೆ ಚಪ್ಪಲಿಗೆ ಮಣ್ಣು ಮೆತ್ತಿ ಹೆಜ್ಜೆ ಹೆಜ್ಜೆಗೂ ಭಾರ ಏರುತ್ತದೆ.

ಹುಬ್ಬಳ್ಳಿಯಿಂದ ಬರುವವರಿಗೆ ಚಿಗರಿ ಬಸ್ಸನ್ನು ಬಿಟ್ಟು ಬೇರೆ ಯೋಚನೆ ಬೇಡ. 2018ರಲ್ಲಿ ಓಡಲು ಶುರುವಾದ ಈ ಸೇವೆಗೆ ಎರಡೂ ಊರುಗಳ ನಡುವೆ ಸುಮಾರು 22 ಕಿಲೋಮೀಟರ್ ಮೀಸಲು ದಾರಿ ಇದೆ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಮೆಟ್ಟಿಲು ಹತ್ತುವ ತಾಪತ್ರಯವಿಲ್ಲ. ಬಾಗಿಲು ಬಲಗಡೆ ತೆರೆಯುತ್ತದೆ, ಒಳಗೆ ತಂಪು ಗಾಳಿ. 100ಡಿ ಸಂಖ್ಯೆಯ ಬಸ್ಸು ನಡುವೆ ಕಡಿಮೆ ಕಡೆ ನಿಲ್ಲುತ್ತದೆ, 200ಎ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ. ಬರುವಾಗ ಮೊದಲನೆಯದು, ಊರೊಳಗೆ ಒಂದೆರಡು ನಿಲ್ದಾಣ ಹೋಗಲು ಎರಡನೆಯದು. ಟಿಕೆಟ್ಟನ್ನು ಬಸ್ಸು ಹತ್ತುವ ಮೊದಲೇ ನಿಲ್ದಾಣದ ಕಿಟಕಿಯಲ್ಲಿ ತೆಗೆಸಬೇಕು. ಗುಂಪಿನಲ್ಲಿ ಹೋದವರು ಎಡವುವುದು ಇಲ್ಲಿಯೇ: ಒಬ್ಬರೇ ಎಲ್ಲರ ಟಿಕೆಟ್ಟು ತೆಗೆಸಿ ಜೇಬಿಗೆ ಹಾಕಿಕೊಳ್ಳುತ್ತಾರೆ, ಇಳಿದ ಮೇಲೆ ಗೇಟಿನಲ್ಲಿ ಒಬ್ಬರು ಹಿಂದೆ, ಒಬ್ಬರು ಮುಂದೆ. ಚೀಟಿ ಅವರವರ ಕೈಯಲ್ಲೇ ಇರಲಿ, ಹೊರಗೆ ಬರುವ ತನಕ ಬಿಸಾಡಬೇಡಿ. ಬೆಳಿಗ್ಗೆ ಕಾಲೇಜು, ಆಫೀಸಿನ ಹೊತ್ತಿನಲ್ಲಿ ನಿಂತೇ ಬರಬೇಕಾಗುತ್ತದೆ. ಏಳು, ಏಳೂವರೆಯ ಹೊತ್ತಿಗೆ ಹತ್ತಿದರೆ ಸೀಟು ಸಿಗುತ್ತದೆ, ಎಂಟೂವರೆಯೊಳಗೆ ಗುಡ್ಡದ ಮೇಲೆ ಇರಬಹುದು. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಇಷ್ಟು ನಂಬಿಕೆಯ ಸಾರಿಗೆ ಇನ್ನೊಂದಿಲ್ಲ.

ಜುಬಿಲಿ ಸರ್ಕಲ್ಲಿನಿಂದ ವಿಶ್ವವಿದ್ಯಾಲಯಕ್ಕೆ ನಗರ ಸಾರಿಗೆಯ ಸಾದಾ ಬಸ್ಸುಗಳಿವೆ. ಇವುಗಳಲ್ಲಿ ಶಕ್ತಿ ಯೋಜನೆಯಂತೆ ರಾಜ್ಯದ ಹೆಣ್ಣುಮಕ್ಕಳಿಗೆ ಉಚಿತ. ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು. ಆಟೋ ಆದರೆ ಹತ್ತುವ ಮೊದಲೇ "ಯುನಿವರ್ಸಿಟಿ ಮ್ಯಾಲಿನ ತನಾ ಎಷ್ಟ ತಗೋತೀರಿ ಅಣ್ಣಾರ?" ಎಂದು ಕೇಳಿಬಿಡಿ. "ಯುನಿವರ್ಸಿಟಿ" ಎಂದಷ್ಟೇ ಹೇಳಿದರೆ ಕೆಳಗಿನ ಗೇಟಿನಲ್ಲಿ ಇಳಿಸಿ ಹೋಗುತ್ತಾರೆ, ಅದು ಅವರ ತಪ್ಪಲ್ಲ. ಆಟೋದಲ್ಲಿ ಮೂವರಿಗೆ ಜಾಗ. ಆದ್ದರಿಂದ ಗುಂಪು ಮೂರು ಅಥವಾ ಆರು ಮಂದಿಯದಾದರೆ ಲೆಕ್ಕ ಸರಿಹೋಗುತ್ತದೆ. ಆರಕ್ಕಿಂತ ಹೆಚ್ಚಾದರೆ ಧಾರವಾಡದ ಫುಟ್‌ಪಾತಿನ ಮೇಲೆ ಮಾತಾಡುತ್ತ ನಡೆಯಲು ಆಗುವುದಿಲ್ಲ, ಖಾನಾವಳಿಯಲ್ಲಿ ಒಟ್ಟಿಗೆ ಕೂಡಲೂ ಆಗುವುದಿಲ್ಲ.

ಹೊರಡುವ ಮೊದಲಿನ ತಿಂಡಿ ಹಗುರ ಇರಲಿ. ಎರಡು ಇಡ್ಲಿ ಅಥವಾ ಒಂದು ಪ್ಲೇಟು ಉಪ್ಪಿಟ್ಟು, ಒಂದು ಚಹಾ. ಪೂರಿ, ವಡೆ ತಿಂದು ಹೊರಟರೆ ಪೇಢೆ ಅಂಗಡಿಯ ಹೊತ್ತಿಗೆ ಸಿಹಿ ಬೇಡವಾಗುತ್ತದೆ. ಈ ಊರಿನಲ್ಲಿ ಅದು ದೊಡ್ಡ ನಷ್ಟ.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಧಾರವಾಡಕ್ಕೆ ಬಂದದ್ದು. ಛೋಟಾ ಮಹಾಬಳೇಶ್ವರ ಎಂದು ಕರೆಯುತ್ತಿದ್ದ ಗುಡ್ಡದ ಮೇಲೆ ಇಂದಿನ ಆವರಣ ಬೆಳೆದದ್ದರಲ್ಲಿ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರ ಪಾತ್ರ ದೊಡ್ಡದು. ಆವರಣಕ್ಕೆ ಪಾವಟೆನಗರ ಎಂದೇ ಹೆಸರು. ಬೆಳಗಿನ ಹೊತ್ತು ಇಲ್ಲಿ ವಾಹನ ಕಡಿಮೆ, ನೆರಳು ಹೆಚ್ಚು, ರಸ್ತೆ ಅಗಲ. ದಿನದ ನಡಿಗೆಗೆ ಕಾಲು ಬಿಸಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. ಮೊದಲ ಇಪ್ಪತ್ತು ನಿಮಿಷ ನಿಧಾನವಾಗಿ ಆವರಣದೊಳಗೇ ಸುತ್ತಿ. ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯ ಇರುವುದು ಇಲ್ಲಿಯೇ. 1939ರಲ್ಲಿ ಹುಟ್ಟಿದ ಆ ಸಂಸ್ಥೆ ವಿಶ್ವವಿದ್ಯಾಲಯಕ್ಕಿಂತ ಹಳೆಯದು. ಶಿಲ್ಪ, ಶಾಸನಗಳಲ್ಲಿ ಆಸಕ್ತಿ ಇರುವವರು ಕೆಲಸದ ದಿನವೇ ಬರಬೇಕು, ಕಚೇರಿ ತೆರೆಯುವ ಹೊತ್ತಿಗೆ ಸರಿಯಾಗಿ ಬಂದು ನೋಡಿ ಇಳಿಯಬೇಕು. ರವಿವಾರ ಬಂದರೆ ಹೊರಗಿನ ಗಿಡಮರ ನೋಡಿಕೊಂಡು ಹೋಗಬೇಕಾದೀತು.

ಇಳಿಯುವುದು ಸುಲಭ ಎಂದು ಚಪ್ಪಲಿಯ ಬಗ್ಗೆ ಅಸಡ್ಡೆ ಬೇಡ. ಏರುವಾಗ ದಣಿಯುವುದು ಉಸಿರು, ಇಳಿಯುವಾಗ ದಣಿಯುವುದು ಮೊಣಕಾಲು ಮತ್ತು ಹೆಬ್ಬೆರಳು. ಬೂಟು ಸಡಿಲವಿದ್ದರೆ ಪಾದ ಮುಂದೆ ಜಾರಿ ಉಗುರಿಗೆ ಬಡಿಯುತ್ತದೆ. ಎರಡು ಕಿಲೋಮೀಟರಿನಲ್ಲಿ ಉಗುರಿನ ಬುಡ ಕೆಂಪಾಗುತ್ತದೆ. ಲೇಸಿನ ಕೊನೆಯ ಎರಡು ತೂತುಗಳನ್ನು, ಅಂದರೆ ಹಿಮ್ಮಡಗಂಟಿನ ಹತ್ತಿರದವನ್ನು, ಬಿಗಿಯಾಗಿ ಕಟ್ಟಿ. ಬೆರಳ ಕಡೆ ಸ್ವಲ್ಪ ಸಡಿಲ ಬಿಡಿ. ಅಡಿ ಸವೆದ ಬೂಟು, ಚರ್ಮದ ಅಡಿಯ ಕೊಲ್ಹಾಪುರಿ, ಎರಡೂ ಈ ಊರಿನ ನುಣುಪು ಹಾಸುಗಲ್ಲಿಗೆ ಆಗಿಬರುವುದಿಲ್ಲ. ಒಂದು ಮಳೆ ಬಿದ್ದರೂ ನೆರಳಿರುವ ಕಡೆ ಹಸಿರು ಪಾಚಿ ಕಟ್ಟುತ್ತದೆ, ಅಲ್ಲಿ ರಬ್ಬರಿನ ಗೆರೆ ಆಳವಾಗಿರುವ ಅಡಿಯೇ ಬೇಕು. ಹೆಜ್ಜೆ ಚಿಕ್ಕದಿಡಿ. ಉದ್ದ ಹೆಜ್ಜೆ ಹಾಕಿ ಧಡಧಡ ಇಳಿದವರಿಗೆ ಮರುದಿನ ತೊಡೆಯ ಮುಂಭಾಗ ಹಿಡಿದುಕೊಳ್ಳುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಉಳಿದವರ ವೇಗ ತಾನಾಗಿ ಸರಿಹೋಗುತ್ತದೆ.

ಶ್ರೀನಗರ, ಸಪ್ತಾಪುರದ ಮೂಲಕ ಕರ್ನಾಟಕ ಕಾಲೇಜಿನ ತನಕ ಸುಮಾರು ಮೂರು ಕಿಲೋಮೀಟರ್. ನಡುನಡುವೆ ಸಣ್ಣ ಏರು ಬರುತ್ತವೆ, ಹೆದರುವಂಥವಲ್ಲ. ಸಪ್ತಾಪುರ ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ನಾಡು. ಕೋಚಿಂಗ್ ಸೆಂಟರು, ಪೀಜಿ, ಝೆರಾಕ್ಸ್ ಅಂಗಡಿ, ಬದಿಗೆ ಚಹಾದ ಗಾಡಿ. ಚಹಾ ಇಲ್ಲಿಯೇ ಕುಡಿಯಿರಿ. ಗಿರಾಕಿ ಸತತ ಇರುವುದರಿಂದ ಪಾತ್ರೆಯಲ್ಲಿ ಕುದಿಯುತ್ತ ಕೂತ ಹಳೇ ಚಹಾ ಸಿಗುವುದಿಲ್ಲ. ಫುಟ್‌ಪಾತು ಮಾತ್ರ ಈ ಭಾಗದಲ್ಲಿ ದಿನದಲ್ಲೇ ಕೆಟ್ಟದ್ದು. ನಿಲ್ಲಿಸಿದ ಬೈಕುಗಳಿಗಾಗಿ ಪದೇ ಪದೇ ರಸ್ತೆಗೆ ಇಳಿಯಬೇಕಾಗುತ್ತದೆ. ಎದುರು ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿ ಹಿಡಿದು, ಒಬ್ಬರ ಹಿಂದೆ ಒಬ್ಬರು ನಡೆಯಿರಿ.

ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡದ ಎದುರು ನಿಲ್ಲದೆ ಹೋಗಬೇಡಿ. ಅದು ಕಾಲೇಜಿಗಾಗಿ ಕಟ್ಟಿದ್ದಲ್ಲ, ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ಕಾಲೇಜು ಶುರುವಾದದ್ದು 1917ರಲ್ಲಿ. ಹತ್ತಿರದಲ್ಲೇ ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ' ಇದೆ, ಈಗ ಅವರ ಸ್ಮಾರಕ. ಮುರುಘಾಮಠದ ಮೃತ್ಯುಂಜಯ ಅಪ್ಪಗಳ ಹೆಸರನ್ನು ಮನೆಗೆ ಇಟ್ಟ ಗಾಯಕನ ಊರು ಇದು ಎಂಬುದನ್ನು ಗುಂಪಿನ ಚಿಕ್ಕವರಿಗೆ ಹೇಳಿ. ಸಂಗೀತ ಕೇಳದವರಿಗೂ ಆ ಮನೆಯ ಸರಳತೆ ಕಣ್ಣಿಗೆ ಕಟ್ಟುತ್ತದೆ.

ಕಾಲೇಜಿನಿಂದ ಜುಬಿಲಿ ಸರ್ಕಲ್ ಕಡೆಗೆ ಇಳಿಯುವಾಗ ಸ್ವಲ್ಪ ಬಳಸಿದರೆ ಲೈನ್ ಬಜಾರು. ಹನ್ನೊಂದರೊಳಗೆ ಇಲ್ಲಿರುವಂತೆ ನಡಿಗೆಯನ್ನು ಹೊಂದಿಸಿ. ಮೇಲಿನಿಂದ ಇಳಿಯುವ ದಾರಿಯ ದೊಡ್ಡ ಲಾಭ ಇದು. ಪೇಟೆಯಿಂದ ಶುರು ಮಾಡಿದವರು ಪೇಢೆಯನ್ನು ಸಂಜೆಗೆ ಇಟ್ಟುಕೊಳ್ಳುತ್ತಾರೆ. ಆಗ ಅಂಗಡಿಯ ಪರಾತ ಖಾಲಿ, ಕದ ಅರ್ಧ ಮುಚ್ಚಿರುತ್ತದೆ.

ಬಾಬುಸಿಂಗ್ ಠಾಕೂರ ಅವರ ಹೆಸರಿನ ಅಂಗಡಿಯೇ ಈ ಪೇಢೆಯ ಮೂಲ. 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಊರು ಬಿಟ್ಟು ಬಂದ ರಾಮರತನ್ ಸಿಂಗ್ ಠಾಕೂರ ಇಲ್ಲಿ ಪೇಢೆ ಮಾಡಲು ತೊಡಗಿದರು. ಮೊಮ್ಮಗ ಬಾಬುಸಿಂಗ್ ಕಾಲಕ್ಕೆ ಅದು ಲೈನ್ ಬಜಾರಿನ ಗುರುತಾಯಿತು. ಇವತ್ತು ಧಾರವಾಡ ಪೇಢೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಅಂಗಡಿಯಲ್ಲಿ ಅಲಂಕಾರ ಏನೂ ಇಲ್ಲ, ಅಗತ್ಯವೂ ಇಲ್ಲ. ಸರದಿಯಲ್ಲಿ ನಿಲ್ಲಿ, ಚಿಲ್ಲರೆ ಕೈಯಲ್ಲಿರಲಿ, "ಪಾವು ಕೇಜಿ ಕೊಡ್ರಿ, ಅರ್ಧಾ ಕೇಜಿ ಕೊಡ್ರಿ" ಎಂದು ಮೊದಲೇ ನಿಕ್ಕಿ ಮಾಡಿಕೊಂಡು ಕಟ್ಟೆಯ ಹತ್ತಿರ ಹೋಗಿ. ಜನ ಹೆಚ್ಚಿದ್ದಾಗ ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕುವುದುಂಟು. ಗುಂಪಿನಲ್ಲಿ ಒಬ್ಬರನ್ನೇ ಕಳಿಸಿ ಎರಡು ಕಿಲೋ ಕೇಳಿದರೆ ಬರಿಗೈಯಲ್ಲಿ ವಾದ ಮಾಡುತ್ತ ನಿಲ್ಲಬೇಕಾಗುತ್ತದೆ. ಶನಿವಾರ ಲೈನ್ ಬಜಾರಿನ ಮಾರುತಿ ಗುಡಿಗೆ ಬರುವ ಮಂದಿಯೂ ಸೇರಿ ಬೀದಿ ಕಿಕ್ಕಿರಿಯುತ್ತದೆ, ಆವತ್ತು ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಪೇಢೆ ಯಾಕೆ ಹೀಗಿದೆ ಎಂದು ತಿಳಿದರೆ ಒಳ್ಳೆಯದನ್ನು ಗುರುತಿಸುವುದು ಸುಲಭ. ಮೂಲ ಸಾಮಗ್ರಿ ಎರಡೇ, ಎಮ್ಮೆಯ ಹಾಲಿನ ಖವಾ ಮತ್ತು ಸಕ್ಕರೆ. ಆಕಳ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕರ ಆಸುಪಾಸು, ಎಮ್ಮೆಯ ಹಾಲಿನಲ್ಲಿ ಆರೇಳು. ಆ ಕೊಬ್ಬಿದ್ದರೇ ಖವಾ ಬಾಣಲೆಗೆ ಹಿಡಿಯದೆ ಬಹಳ ಹೊತ್ತು ಹುರಿಸಿಕೊಳ್ಳುತ್ತದೆ. ನಾಲ್ಕೈದು ಲೀಟರು ಹಾಲು ಬತ್ತಿದರೆ ಒಂದು ಕಿಲೋ ಖವಾ. ಅದಕ್ಕೆ ಸಕ್ಕರೆ ಬೆರೆಸಿ, ಕೈ ಬಿಡದೆ ತಿರುವುತ್ತ ಹುರಿಯುತ್ತಾರೆ. ಹಾಲಿನ ಪ್ರೋಟೀನೂ ಹಾಲಿನ ಸಕ್ಕರೆಯೂ ಕಾವಿನಲ್ಲಿ ಕೂಡಿ ಕಂದು ಬಣ್ಣ, ಸುಟ್ಟಂಥ ಘಮ ಹುಟ್ಟುತ್ತವೆ. ಬಣ್ಣಕ್ಕೆ ಬೆಲ್ಲ ಬೇಕಿಲ್ಲ, ಪುಡಿ ಬೇಕಿಲ್ಲ. ಹುರಿಯುವಾಗ ನೀರಿನಂಶ ಇಳಿಯುವುದರಿಂದಲೇ ಬಿಳಿ ಪೇಢೆ ಎರಡು ದಿನಕ್ಕೆ ಹುಳಿಯಾದರೂ ಇದು ವಾರ ತಡೆಯುತ್ತದೆ. ಕೊನೆಗೆ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಸುತ್ತಲಿನ ಗೌಳಿಗರು ಸಾಕಿಕೊಂಡು ಬಂದ ಎಮ್ಮೆಗಳ ಹಾಲು ಈ ಪೇಢೆಯ ಹಿಂದಿನ ಬಲ. ಧಾರವಾಡಿ ಎಮ್ಮೆಗೆ ಪ್ರತ್ಯೇಕ ತಳಿ ಎಂಬ ರಾಷ್ಟ್ರಮಟ್ಟದ ಮಾನ್ಯತೆಯೂ ಸಿಕ್ಕಿದೆ.

ಈಗ ಪರೀಕ್ಷೆ. ಒಂದು ಪೇಢೆ ಮುರಿಯಿರಿ. ಒಳಗೆ ಸಣ್ಣ ಹರಳು ಕಾಣಬೇಕು, ಬೆರಳಿಗೆ ಸ್ವಲ್ಪ ಒದ್ದೆ ಅನಿಸಬೇಕು, ಎಳೆದರೆ ಅಂಟಿನಂತೆ ಹಿಗ್ಗಬಾರದು. ಹಿಗ್ಗಿದರೆ ಹುರಿದದ್ದು ಕಡಿಮೆ. ಪುಡಿಪುಡಿಯಾಗಿ ಉದುರಿದರೆ ಅತಿಯಾಗಿ ಒಣಗಿದೆ, ಇಲ್ಲವೆ ಹಳತು. ಬಣ್ಣ ನಟ್ಟನಡುವಿನ ತನಕ ಒಂದೇ ಕಂದಾಗಿರಬೇಕು. ಹೊರಗೆ ಕಪ್ಪು, ಒಳಗೆ ಬಿಳಚು ಇದ್ದರೆ ಉರಿ ಜೋರು ಮಾಡಿ ಅವಸರದಲ್ಲಿ ಮುಗಿಸಿದ್ದಾರೆ ಎಂದರ್ಥ, ಅಂಥದರಲ್ಲಿ ನಾಲಿಗೆಯ ಹಿಂದೆ ಕಹಿ ಉಳಿಯುತ್ತದೆ. ಮೂಸಿ ನೋಡಿ: ಕಮಟು ವಾಸನೆ ಬಂದರೆ ಕೊಬ್ಬು ಹಳಸಿದೆ, ತೆಗೆದುಕೊಳ್ಳಬೇಡಿ. ಹೊರಗಿನ ಸಕ್ಕರೆ ಒಣಗಿರಬೇಕು, ಕಾಗದದ ಮೇಲೆ ಜಿಡ್ಡಿನ ಕಲೆ ಅಗಲವಾಗಬಾರದು. ಠಾಕೂರರ ಪೇಢೆ ಈ ಎಲ್ಲದರಲ್ಲೂ ಪಾಸು. ಸಿಹಿ ಮುಂದೆ ನುಗ್ಗದೆ, ಹುರಿದ ಹಾಲಿನ ರುಚಿ ಮೊದಲು ಬರುತ್ತದೆ, ಅದೇ ಅದರ ಹಿರಿಮೆ. ಮಿಶ್ರಾ ಎಂಬ ಹೆಸರಿನ ಅಂಗಡಿಗಳ ಪೇಢೆ ಹುಬ್ಬಳ್ಳಿ, ಧಾರವಾಡ ಎರಡೂ ಊರುಗಳಲ್ಲಿ, ಬಸ್ ನಿಲ್ದಾಣದ ಹತ್ತಿರದಲ್ಲೂ ಸುಲಭವಾಗಿ ಸಿಗುತ್ತದೆ. ಡಬ್ಬಿ ಅಚ್ಚುಕಟ್ಟು, ಸಿಹಿ ಒಂದು ಕೈ ಮುಂದೆ. ದೂರದ ಊರಿಗೆ ಹತ್ತು ಮನೆಗೆ ಹಂಚಬೇಕಿದ್ದರೆ ಅದೇ ಅನುಕೂಲ. ಕೂತು ನಿಧಾನಕ್ಕೆ ತಿನ್ನಲು ಲೈನ್ ಬಜಾರಿನದು.

ಕಟ್ಟಿಸಿಕೊಂಡ ಪೇಢೆ ಇನ್ನೂ ಬೆಚ್ಚಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಬೇಡಿ. ಒಳಗೆ ಬೆವರು ಕಟ್ಟಿ ಮೇಲಿನ ಸಕ್ಕರೆ ಕರಗುತ್ತದೆ, ಮೂರನೆಯ ದಿನಕ್ಕೆ ಬೂಷ್ಟು. ಕಾಗದದ ಪೆಟ್ಟಿಗೆಯಲ್ಲೇ ಇರಲಿ, ಚೀಲದಲ್ಲಿ ನೀರಿನ ಬಾಟಲಿಗೆ ತಾಗದಂತೆ ಮೇಲಿಡಿ. ಮನೆಯಲ್ಲಿ ಫ್ರಿಜ್ಜಿಗೆ ಹಾಕಿದರೆ ಗಟ್ಟಿಯಾಗುತ್ತದೆ. ವಾರದೊಳಗೆ ತಿನ್ನುವುದಾದರೆ ಗಾಳಿಯಾಡುವ ತಂಪು ಜಾಗ ಸಾಕು. ಹಾಗೂ ಫ್ರಿಜ್ಜಿನಲ್ಲಿಟ್ಟರೆ ತಿನ್ನುವ ಅರ್ಧ ಗಂಟೆ ಮೊದಲು ಮುಚ್ಚಳ ತೆಗೆಯದೆ ಹೊರಗಿಡಿ. ತೆಗೆದಿಟ್ಟರೆ ಹೊರಗಿನ ತೇವ ಪೇಢೆಯ ಮೇಲೆಯೇ ಕೂರುತ್ತದೆ.

ಅಲ್ಲಿಂದ ಸುಭಾಸ ರಸ್ತೆ. ಮನೋಹರ ಗ್ರಂಥಮಾಲೆಯ ಅಟ್ಟಕ್ಕೆ ಹತ್ತುವ ಮೆಟ್ಟಿಲು ಕಿರಿದು, ಕಡಿದು. ಒಬ್ಬರು ಇಳಿದ ಮೇಲೆ ಇನ್ನೊಬ್ಬರು ಏರಬೇಕು. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಈ ಪ್ರಕಾಶನ ಚಂದಾದಾರರಿಂದ ಮುಂಗಡ ಹಣ ಪಡೆದು ಪುಸ್ತಕ ಕಳಿಸುವ ಕ್ರಮದಿಂದ ಬೆಳೆಯಿತು. ಬೇಂದ್ರೆ, ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ ಕೂತು ಮಾತಾಡಿದ ಜಾಗ ಅದು. ಹಾಗೆಂದು ಅದನ್ನು ಪ್ರದರ್ಶನದ ಕೋಣೆಯಂತೆ ನೋಡಿ ಫೋಟೋ ಹೊಡೆದುಕೊಂಡು ಇಳಿಯುವುದು ಸರಿಯಲ್ಲ. ಅದು ಇಂದಿಗೂ ಪುಸ್ತಕ ಮಾರುವ ಕಚೇರಿ. ಯಾವ ಬಗೆಯ ಓದು ಬೇಕೆಂದು ಹೇಳಿದರೆ ತಿಳಿಸಿ ಕೊಡುತ್ತಾರೆ. ಒಬ್ಬೊಬ್ಬರು ಒಂದೊಂದು ಪುಸ್ತಕ ಕೊಂಡರೂ ಗುಂಪಿನಲ್ಲಿ ಆರು ಪುಸ್ತಕ ಓಡಾಡುತ್ತವೆ. ಆರು ಮಂದಿಯೂ ಒಮ್ಮೆಗೇ ಹತ್ತಬೇಡಿ, ಜಾಗ ಸಾಲದು.

ಒಂದು ಗಂಟೆಗೆ ಮೊದಲು ಖಾನಾವಳಿಗೆ ಹೋಗಿ. ಪೇಟೆಯ ಸುತ್ತ ಅವು ಹತ್ತಾರಿವೆ, ಹೆಸರಿಗಿಂತ ಅಡುಗೆಮನೆಯ ಸದ್ದು ಕೇಳಿ ಆರಿಸಬೇಕು. ರೊಟ್ಟಿ ಬಡಿಯುವ ಸದ್ದು ಬರುತ್ತಿದ್ದರೆ ಒಳಗೆ ಕೂಡಿ. ಬರದಿದ್ದರೆ ಅಲ್ಲಿನ ರೊಟ್ಟಿ ಬೆಳಿಗ್ಗೆಯೇ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟದ್ದು. ಜೋಳದಲ್ಲಿ ಗೋಧಿಯ ಜಿಗಿ ಇಲ್ಲ, ಅದಕ್ಕೇ ಕುದಿಯುವ ಎಸರು ಹಾಕಿ ಹಿಟ್ಟು ನಾದುತ್ತಾರೆ; ಕಾವಿಗೆ ಪಿಷ್ಟ ಅರಳಿ ಹಿಟ್ಟು ಹಿಡಿದುಕೊಳ್ಳುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿನ ರೊಟ್ಟಿಯ ಅಂಚು ಬಿರಿಯುತ್ತದೆ, ನುಂಗುವಾಗ ಗಂಟಲಿಗೆ ಒರಟು. ಒಳ್ಳೆಯ ಬಿಸಿ ರೊಟ್ಟಿಯ ಗುರುತು ಮೂರು: ಅಂಚು ನಡುವಿನಷ್ಟೇ ತೆಳು, ಕೆಂಡದ ಮೇಲೆ ಉಬ್ಬಿದಾಗ ಬಿಟ್ಟುಕೊಂಡ ಎರಡು ಪದರ, ಮೇಲೆ ಅಲ್ಲಲ್ಲಿ ಕಂದು ಚುಕ್ಕೆ. ನವಲಗುಂದ, ಗದಗದ ಕಡೆಯ ಎರಿ ಹೊಲದ ಹಿಂಗಾರಿ ಬಿಳಿಜೋಳವಾದರೆ ರುಚಿಯಲ್ಲೇ ಸಿಹಿ ಇರುತ್ತದೆ.

ತಾಟಿನಲ್ಲಿ ಎಣ್ಣೆಗಾಯಿ ಬದನೆಕಾಯಿ, ಮಡಕಿ ಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸವತಿಕಾಯಿ, ಮೆಂತೆ ಸೊಪ್ಪು. ಇಡೀ ಅಡುಗೆಮನೆಯ ಹಣೆಬರಹ ಎಣ್ಣೆಗಾಯಿಯಲ್ಲಿ ಓದಬಹುದು. ಬದನೆಕಾಯಿ ಎಳೆಯದಿರಬೇಕು, ಬಲಿತರೆ ಬೀಜದ ಕಹಿ ಮಸಾಲೆಯನ್ನೂ ದಾಟಿ ಬರುತ್ತದೆ. ತುಂಬಿದ ಶೇಂಗಾ ಪುಡಿ ತರಿತರಿಯಾಗಿರಬೇಕು. ಮಿಕ್ಸರಿನಲ್ಲಿ ನುಣ್ಣಗೆ ಬೀಸಿದರೆ ಎಣ್ಣೆ ಬಿಟ್ಟು ಗೊಜ್ಜಾಗುತ್ತದೆ. ಮೇಲೆ ತೇಲುವ ಎಣ್ಣೆ ಕೆಂಪಗೆ, ಸ್ವಚ್ಛ ಇದ್ದರೆ ಇಂದಿನದು. ಕಪ್ಪಾಗಿ, ಮಸಾಲೆ ತಳಕ್ಕೆ ಕೂತಿದ್ದರೆ ನಿನ್ನೆಯದನ್ನು ಮತ್ತೆ ಬಿಸಿ ಮಾಡಿದ್ದು. ಝುಣಕದ ಮಟ್ಟಿಗೆ ನೋಡಬೇಕಾದದ್ದು ಒಂದೇ, ಹಸಿ ಕಡಲೆಹಿಟ್ಟಿನ ವಾಸನೆ ಬರಬಾರದು.

ಬಡಿಸುವ ಅಕ್ಕಾರನ್ನು ನಡುವೆ ಕರೆದು "ಅಕ್ಕಾರ, ಒಂದ ಬಿಸಿ ರೊಟ್ಟಿ ಹಾಕ್ರಿ" ಎಂದು ಒಂದೊಂದಾಗಿ ಕೇಳಿ. ಮೊದಲೇ ಮೂರು ಹಾಕಿಸಿಕೊಂಡರೆ ಮೂರನೆಯದು ತಣ್ಣಗಾಗಿ ಚರ್ಮದ ಹಾಗೆ ಎಳೆಯುತ್ತದೆ. ಖಾರ ತಡೆಯದವರು ಕೆಂಪು ಖಾರವನ್ನು ಮೊಸರಿನಲ್ಲಿ ಕಲಸಿಕೊಳ್ಳಲಿ, ನೀರು ಕುಡಿದರೆ ಉರಿ ಹೆಚ್ಚುತ್ತದೆ, ಮೊಸರಿನ ಕೊಬ್ಬು ಅದನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನವೂ ನಡೆಯುವವರಿಗೆ ಎರಡು ರೊಟ್ಟಿ, ಒಂದು ಹಿಡಿ ಅನ್ನ, ಮಜ್ಜಿಗೆ ಸಾಕು. ಎರಡು ಗಂಟೆಯ ಮೇಲೆ ಹೋದರೆ ಬಿಸಿ ರೊಟ್ಟಿ ಮುಗಿದು ಕಟಕ ರೊಟ್ಟಿ, ಅಂದರೆ ಒಣಗಿಸಿದ ಗರಿಗರಿ ರೊಟ್ಟಿ, ಸಿಗುತ್ತದೆ. ಅದೂ ಚಲೋ, ಆದರೆ ಅದಕ್ಕೆ ಪಲ್ಯದ ರಸ ಹೆಚ್ಚು ಬೇಕು, ಕೇಳಿ ಹಾಕಿಸಿಕೊಳ್ಳಿ. ಬೆಲೆಗೆ ಹೋಲಿಸಿದರೆ ಇಡೀ ದಿನದಲ್ಲಿ ಅತಿ ಹೆಚ್ಚು ಕೊಡುವ ಜಾಗ ಖಾನಾವಳಿಯೇ.

ಊಟದ ನಂತರ ಹಳೇ ಪೇಟೆಯ ಓಣಿಗಳು: ಕಾಮನಕಟ್ಟಿ, ಶುಕ್ರವಾರಪೇಟೆ, ಹೊಸಯಲ್ಲಾಪುರ. 1913ರಲ್ಲಿ ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಶುಕ್ರವಾರಪೇಟೆಯಲ್ಲಿ. ಕಟ್ಟಿಗೆಯ ಕಂಬ, ಕಟ್ಟೆಯಿರುವ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಓಣಿ ಕಿರಿದಾದ್ದರಿಂದ ನೆರಳು ಸಿಗುತ್ತದೆ, ಮಧ್ಯಾಹ್ನ ಇದನ್ನು ಇಟ್ಟುಕೊಳ್ಳುವುದು ಅದಕ್ಕೇ. ಇದು ಮಂದಿ ವಾಸ ಮಾಡುವ ಕೇರಿ, ಮಲಗುವ ಹೊತ್ತು. ದನಿ ತಗ್ಗಿಸಿ, ಕಟ್ಟೆಯ ಮೇಲೆ ಕೂಡುವ ಮೊದಲು ಕೇಳಿ. ಹೆಚ್ಚಿನ ಕಡೆ "ಕೂಡ್ರಿ, ನೀರು ಬೇಕೇನ್ರಿ?" ಎಂಬ ಮಾತೇ ಬರುತ್ತದೆ.

ನಾಲ್ಕೂವರೆಗೆ ಆಟೋ ಹಿಡಿದು ಸಾಧನಕೇರಿಗೆ ಹೋಗಿ. ಮತ್ತೆ ಪಡುವಣಕ್ಕೆ ನಡೆದು ಹೋಗುವ 'ಹುಮ್ಮಸ್ಸು' ಬೇಡ. ಇಳಿದು ಗಳಿಸಿದ್ದನ್ನೆಲ್ಲ ಆ ಏರು ಕಸಿದುಕೊಳ್ಳುತ್ತದೆ. ಕೆರೆಯ ಸುತ್ತಿನ ದಾರಿ ಸಪಾಟು, ದಣಿದ ಕಾಲಿಗೆ ಸರಿಹೊಂದುತ್ತದೆ. ಎದುರಿಗೇ ಬೇಂದ್ರೆಯವರ ಮನೆ, ಪಕ್ಕದಲ್ಲಿ ಬೇಂದ್ರೆ ಭವನ. ಧಾರವಾಡದಲ್ಲೇ 1896ರಲ್ಲಿ ಹುಟ್ಟಿ, 1973ರ ಜ್ಞಾನಪೀಠ ಪಡೆದ ಕವಿಯ ಕೈಬರಹ, ಭಾವಚಿತ್ರ ನೋಡಲು ಭವನ ಮುಚ್ಚುವ ಮೊದಲೇ ಒಳಗೆ ಹೋಗಿ, ಕೆರೆಯನ್ನು ಆಮೇಲೆ ನೋಡಬಹುದು.

ಸಂಜೆಯ ತಿಂಡಿಗೆ ಗಿರ್ಮಿಟ್, ಮಿರ್ಚಿ. ಗಿರ್ಮಿಟ್ಟಿನ ಗೊಜ್ಜು, ಅಂದರೆ ಉಳ್ಳಾಗಡ್ಡಿ, ಹಸಿಮೆಣಸು, ಹುಣಸೆ, ಅರಿಶಿಣದ ಒಗ್ಗರಣೆ, ಮೊದಲೇ ಸಿದ್ಧವಿರಬಹುದು, ತೊಂದರೆ ಇಲ್ಲ. ಚುರುಮುರಿಯನ್ನು ಮಾತ್ರ ನಿಮ್ಮೆದುರೇ ಕಲಸಬೇಕು. ಮೇಲೆ ಪುಠಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ. ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ, ಆದ್ದರಿಂದ ಆರು ಪ್ಲೇಟು ಒಟ್ಟಿಗೆ ಹೇಳಿ ಎಲ್ಲರೂ ಬರಲಿ ಎಂದು ಕಾಯಬೇಡಿ, ಬಂದವರು ತಿನ್ನುತ್ತ ಹೋಗಲಿ. ಮಿರ್ಚಿ ಎಣ್ಣೆಯಿಂದ ತೆಗೆದ ಕೂಡಲೇ ತಿನ್ನಿ. ಗಾಜಿನ ಪೆಟ್ಟಿಗೆಯಲ್ಲಿ ಕೂತದ್ದರ ಹೊರಕವಚ ಒಳಗಿನ ಮೆಣಸಿನಕಾಯಿಯ ನೀರು ಕುಡಿದು ಮೆತ್ತಗಾಗಿರುತ್ತದೆ.

ಒಟ್ಟು ನಡಿಗೆ 8ರಿಂದ 10 ಕಿಲೋಮೀಟರ್. ಒಬ್ಬೊಬ್ಬರೂ ಒಂದು ಲೀಟರು ನೀರು ಹೊತ್ತು ಹೊರಡಿ, ಊಟದ ಹೊತ್ತಿಗೆ ಮತ್ತೆ ತುಂಬಿಸಿಕೊಳ್ಳಿ. ನವೆಂಬರಿನಿಂದ ಫೆಬ್ರವರಿಯ ತನಕ ಇದು ಅತ್ಯುತ್ತಮ. ಜೂನ್‌ನಿಂದ ಸೆಪ್ಟೆಂಬರಿನ ಜಿಟಿಜಿಟಿ ಮಳೆಯಲ್ಲಿ ಊರು ಹಸಿರಾಗಿ ಚೆಂದ ಕಾಣುತ್ತದೆ, ಆದರೆ ಛತ್ರಿ ಹಿಡಿದು ಕಿರಿದಾದ ಫುಟ್‌ಪಾತಿನ ಮೇಲೆ ಗುಂಪು ನಡೆಯಲಾರದು, ರೇನ್‌ಕೋಟೇ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಸಿಡಿಲಿನ ಅಡ್ಡಮಳೆ ಬರುತ್ತದೆ; ಆಗ ಸಾಧನಕೇರಿಯನ್ನು ಬೆಳಿಗ್ಗೆಯೇ ಮುಗಿಸಿ, ಸಂಜೆಯನ್ನು ಛಾವಣಿಯ ಕೆಳಗೆ ಕಳೆಯುವಂತೆ ಹೊಂದಿಸಿ. ವಾರದ ದಿನಗಳಲ್ಲಿ ಶುಕ್ರವಾರ ಅನುಕೂಲ. ವಸ್ತುಸಂಗ್ರಹಾಲಯ, ಅಟ್ಟ ಎರಡೂ ನೋಡಬಹುದು, ಶನಿವಾರದ ಲೈನ್ ಬಜಾರಿನ ನೂಕುನುಗ್ಗಲೂ ಇರುವುದಿಲ್ಲ.

ಮೊಣಕಾಲು ನೋವಿನವರು, ಹಿರಿಯರು ಜೊತೆಗಿದ್ದರೆ ಗುಡ್ಡದಿಂದ ಇಳಿಯುವ ಭಾಗವನ್ನೇ ಬಿಟ್ಟುಬಿಡಿ; ಅವರಿಗೆ ಏರಿಗಿಂತ ಇಳಕಲೇ ಹೆಚ್ಚು ನೋವು ಕೊಡುತ್ತದೆ. ಆವರಣದೊಳಗೆ ಆಟೋದಲ್ಲೇ ಒಂದು ಸುತ್ತು ಹಾಕಿಸಿ, ಕರ್ನಾಟಕ ಕಾಲೇಜಿನ ಗೇಟಿನಲ್ಲಿ ಇಳಿಸಿಕೊಳ್ಳಿ. ಲೈನ್ ಬಜಾರಿನಲ್ಲಿ ಸರದಿ ಹಿಡಿಯುವುದು ಚಿಕ್ಕವರ ಕೆಲಸವಾಗಲಿ. ಅಟ್ಟದ ಮೆಟ್ಟಿಲು ಅವರಿಗೆ ಬೇಡ, ಬೇಕಾದ ಪುಸ್ತಕದ ಹೆಸರು ಚೀಟಿಯಲ್ಲಿ ಬರೆದು ಕೊಟ್ಟರೆ ಯಾರಾದರೂ ಹತ್ತಿ ತಂದುಕೊಡಬಹುದು. ಖಾನಾವಳಿಯಲ್ಲಿ ನೆಲದ ಮೇಲಿನ ಸಾಲಿಗಿಂತ ಮೇಜಿರುವುದನ್ನು ಆರಿಸಿ. ಸಾಧನಕೇರಿಯ ಸುತ್ತು ಅವರಿಗೂ ಸಲೀಸು. ಹಿಂತಿರುಗುವಾಗ ಚಿಗರಿಯನ್ನು ಜುಬಿಲಿ ಸರ್ಕಲ್ಲಿನಲ್ಲಿ ಹತ್ತುವ ಬದಲು ಹೊಸ ಬಸ್ ನಿಲ್ದಾಣದ ತುದಿಯಲ್ಲೇ ಹತ್ತಿಸಿ, ಅಲ್ಲಿ ಬಸ್ಸು ಖಾಲಿ ಬರುವುದರಿಂದ ಹಿರಿಯರಿಗೆ ಸೀಟು ಸಿಗುತ್ತದೆ.